ಕೆಂಪು ಪಟ್ಟಿ, ಕಂದು ಪಟ್ಟಿ

ಗಂಟನ್ನು ಮೊದಲು ಕಂಡದ್ದು ನಮ್ಮ ಟೈಲರ್ ಮಂಜುಳಾ. ರವಿಕೆಯ ಅಳತೆಗೆಂದು ಕುತ್ತಿಗೆಯ ಸುತ್ತ ಟೇಪು ಹಿಡಿದವಳು ಎಡಗಡೆ ಒಂದು ಕಡೆ ಬೆರಳು ನಿಲ್ಲಿಸಿ, "ಅಕ್ಕಾ, ಇಲ್ಲೇನೋ ಗಟ್ಟಿಗಿದೆ. ನೋಯತ್ತಾ?" ಎಂದಳು. ನೋಯುತ್ತಿರಲಿಲ್ಲ. "ನೋವಿಲ್ಲ ಅಂದ್ರೆ ಏನೂ ಇರಲ್ಲ ಬಿಡಿ" ಎಂದು ಮುಂದಿನ ಅಳತೆ ಬರೆದುಕೊಂಡಳು. ನಾನೂ ಹಾಗೇ ಅಂದುಕೊಂಡು ಮನೆಗೆ ಬಂದೆ. ಮೂರು ವಾರವಾದರೂ ಗಂಟು ಕರಗದೆ ಡಾಕ್ಟರ ಬಳಿ ಹೋದಾಗ ಅವರೂ ಅದೇ ಜಾಗ ಒತ್ತಿ ಅದೇ ಪ್ರಶ್ನೆ ಕೇಳಿದರು. ನೋವಿಲ್ಲ ಎಂದೆ. ಅವರು ಚೀಟಿ ಬರೆಯತೊಡಗಿದರು. ನೋವಿಲ್ಲದಿರುವುದು ಅಂಥ ಒಳ್ಳೆಯ ಸುದ್ದಿಯಲ್ಲ ಎಂದು ಅವರ ಮುಖ ನೋಡಿಯೇ ಗೊತ್ತಾಯಿತು.

ನನಗೆ ಆಗ ನಲವತ್ತೇಳು. ಚಾಮರಾಜಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಬಂದವರಿಗೆ ಕಾಗದ ತೋರಿಸುವುದು, ಒಕ್ಕಣೆ ಹೊಂದಿಸುವುದು, ಪ್ರೂಫ್ ತಿದ್ದುವುದು, ಅಚ್ಚಾಗಿ ಬಂದದ್ದರ ಬಣ್ಣ ಸರಿಯಿದೆಯೇ ಎಂದು ನೋಡುವುದು. ಕುಂಕುಮದ ಕೆಂಪಿಗೂ ಮೆರೂನಿಗೂ ನಡುವೆ ಎಷ್ಟು ಬಗೆಯ ಕೆಂಪಿದೆ ಎನ್ನುವುದು ಮದುವೆ ಮನೆಯವರಿಗೆ ಗೊತ್ತು, ಆಮೇಲೆ ನಮ್ಮಂಥವರಿಗೆ. ಅಂಗಡಿಯಿಂದ ಹತ್ತು ನಿಮಿಷ ನಡೆದರೆ ಮನೆ. ಮನೆಯಲ್ಲಿ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ ಗಂಡ ಮುರಳಿ ಮತ್ತು ಎಂಬತ್ತರ ಹತ್ತಿರದ ಅತ್ತೆ. ನಮಗೆ ಮಕ್ಕಳಿಲ್ಲ.

ಸೂಜಿ ಚುಚ್ಚಿ ತೆಗೆದ ಮಾದರಿಯಿಂದ ಏನೂ ಖಚಿತವಾಗಲಿಲ್ಲ. ಗಂಟನ್ನೇ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಹತ್ತು ದಿನ ಎಂದರು. ಆ ಹತ್ತು ದಿನ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಹೊಲಿಗೆ ಹಾಕಿದ ಜಾಗದ ಪಕ್ಕದಲ್ಲಿ, ಗದ್ದದ ಕೆಳಗೆ, ಕಂಕುಳಲ್ಲಿ, ಎಲ್ಲೆಲ್ಲೂ ಇನ್ನೊಂದು ಗಂಟು ಹುಡುಕುತ್ತಿತ್ತು. ಗಿರಾಕಿಗಳ ಜತೆ ಮಾತಾಡುವಾಗಲೂ ಬೆರಳು ಕುತ್ತಿಗೆಗೇ ಹೋಗುತ್ತಿತ್ತು. ಅದನ್ನು ತಡೆಯಲಿಕ್ಕೆಂದೇ ಅಂಗಡಿಯಲ್ಲಿ ಪತ್ರಿಕೆ ಕತ್ತರಿಸಿ ಉಳಿದ ಕಾಗದದ ತುಂಡುಗಳನ್ನು ಮನೆಗೆ ತಂದು ಪುಟ್ಟ ಪುಟ್ಟ ಲಕೋಟೆ ಮಡಚತೊಡಗಿದೆ. ಅಂಗೈಯಲ್ಲಿ ಹಿಡಿಸುವಷ್ಟು. ನಾಲ್ಕು ಮೂಲೆ ಒಳಕ್ಕೆ, ಅಂಚಿಗೆ ಗೋಂದು, ಉಗುರಿನಿಂದ ಒಂದು ಗೆರೆ. ಎರಡು ಕೈಯೂ ಬೇಕಾಗುವ ಕೆಲಸ.

ಹತ್ತನೆಯ ದಿನ ಡಾಕ್ಟರ ಕೋಣೆಯ ಹೊರಗೆ ನಮ್ಮ ಟೋಕನ್ ಹದಿನೇಳು. ಗೋಡೆಯ ಟೀವಿಯಲ್ಲಿ ಸದ್ದಿಲ್ಲದೆ ಯಾರೋ ಬದನೆಕಾಯಿ ಹೆಚ್ಚುತ್ತಿದ್ದರು. ಒಳಗೆ ಹೋದವರು ಎಷ್ಟು ಹೊತ್ತು ಇರುತ್ತಾರೆ ಎಂದು ನಾನು ಗಡಿಯಾರ ನೋಡುತ್ತಿದ್ದೆ. ಬೇಗ ಹೊರಬಂದವರು ಪಾರಾದವರು ಎಂಬುದು ನಾನೇ ಮಾಡಿಕೊಂಡ ಲೆಕ್ಕ. ನಮ್ಮನ್ನು ಒಳಗೆ ಬಹಳ ಹೊತ್ತು ಕೂರಿಸಿಕೊಂಡರು.

ಡಾಕ್ಟರು ಹೇಳಿದ್ದು ಟಿಬಿ ಎಂದು. ಶ್ವಾಸಕೋಶದಲ್ಲಿ ಇಲ್ಲ, ಗಂಟಿನಲ್ಲಿ ಮಾತ್ರ. ನನ್ನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ತಿಂಗಳುಗಟ್ಟಲೆ ಮಾತ್ರೆ, ಒಂದು ದಿನವೂ ತಪ್ಪಬಾರದು.

ಹೊರಗೆ ಬಂದು ಮೆಟ್ಟಿಲಿನ ಮೇಲೆ ಮುರಳಿ ಕೂತುಬಿಟ್ಟರು. "ಸದ್ಯ, ಶೈಲಾ. ಅದಲ್ವಲ್ಲ. ವಾಸಿ ಆಗೋ ಕಾಯಿಲೆ" ಎಂದು ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು. ಕ್ಯಾನ್ಸರ್ ಎಂಬ ಪದವನ್ನು ಅವರು ಆ ಹತ್ತು ದಿನವೂ ಬಾಯಿಗೆ ತಂದಿರಲಿಲ್ಲ, ಆಗಲೂ ತರಲಿಲ್ಲ. ನನಗೂ ಸಮಾಧಾನವಾಯಿತು. ಆಟೊ ಮನೆ ಮುಟ್ಟುವವರೆಗೆ ಅದು ಇತ್ತು.

ಮನೆಯಲ್ಲಿ ಸುದ್ದಿ ಕೇಳಿ ಅತ್ತೆ ಎದ್ದು ಮುಂಬಾಗಿಲು ಮುಚ್ಚಿದರು. ಆಮೇಲೆ, "ಕ್ಷಯ ಅನ್ನೋ ಮಾತು ಈ ಬಾಗ್ಲು ದಾಟೋದು ಬೇಡ. ಯಾರಾದ್ರೂ ಕೇಳಿದ್ರೆ ಥೈರಾಯ್ಡ್ ಅನ್ನು" ಎಂದರು.

"ಅಮ್ಮ, ಅದು ಹರಡೋದಲ್ಲ ಅಂತ ಡಾಕ್ಟ್ರೇ ಹೇಳಿದಾರೆ" ಎಂದರು ಮುರಳಿ.

"ಹೇಳ್ತಾರೆ" ಎಂದು ಅತ್ತೆ ಒಳಗೆ ಹೋದರು. ಮರುದಿನ ಬೆಳಿಗ್ಗೆ ನನ್ನ ಕಾಫಿ ಲೋಟ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಕವುಚಿಟ್ಟಿತ್ತು. ಅದರಲ್ಲೇ ಕಾಫಿ ಕುಡಿದೆ. ಅಂಗಡಿಯಲ್ಲಿ ಥೈರಾಯ್ಡ್ ಎಂದೆ.

ಮಾತ್ರೆ ಕೊಡುವುದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ. ಅಲ್ಲಿನ ಕಾರ್ಯಕರ್ತೆಯ ಹೆಸರು ಶಶಿಕಲಾ. ಮೊದಲ ದಿನವೇ ಬೆರಳು ಮಡಚುತ್ತ ಎಲ್ಲವನ್ನೂ ಹೇಳಿದಳು: ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಳಿ, ಮೂತ್ರ ಕಿತ್ತಳೆ ಬಣ್ಣ ಬರತ್ತೆ ಹೆದರ್ಕೋಬೇಡಿ, ಕಣ್ಣು ಹಳದಿಯಾದ್ರೆ, ದೃಷ್ಟಿ ಮಂಕಾದ್ರೆ, ಬಣ್ಣ ವ್ಯತ್ಯಾಸ ಆದ್ರೆ ಅವತ್ತೇ ಬನ್ನಿ. ಕಿತ್ತಳೆ ಬಣ್ಣದ ಮಾತು ನೆನಪಿನಲ್ಲಿ ಉಳಿಯಿತು. ಉಳಿದದ್ದು ಅಷ್ಟಾಗಿ ಉಳಿಯಲಿಲ್ಲ.

ಹತ್ತು ದಿನ ಮಡಚಿದ ಲಕೋಟೆಗಳ ರಾಶಿ ಹಾಗೇ ಇತ್ತು. ಅಂಗಡಿಯಲ್ಲಿ ಹಳೆಯ ವರ್ಷದ ಪತ್ರಿಕೆಗಳ ಮಾದರಿ ಅಂಟಿಸಿಟ್ಟ ದಪ್ಪ ಆಲ್ಬಮ್ಮೊಂದನ್ನು ಎಸೆಯುವವರಿದ್ದರು. ಅದನ್ನು ಕೇಳಿ ತಂದೆ. ಒಂದು ಹಾಳೆಗೆ ಒಂದು ವಾರ, ಏಳು ಲಕೋಟೆ. ಪ್ರತಿ ಲಕೋಟೆಯಲ್ಲಿ ಆ ದಿನ ಮಾಡಬೇಕಾದ್ದರ ಚೀಟಿ: ಮಾತ್ರೆ, ಹಾಲಿನ ಕೂಪನ್, ಅತ್ತೆಯ ಬಿಪಿ ಮಾತ್ರೆ, ಯಾರ ಪ್ರೂಫ್ ನೋಡಬೇಕು, ತೂಕ ನೋಡಿಸುವ ದಿನ. ಮಾತ್ರೆ ಶುರುವಾದ ಮೇಲೆ ನನಗೆ ಮರೆವು ಜಾಸ್ತಿಯಾಗಿತ್ತು. ಮರೆವಿಗಿಂತ, ಮರೆತೆನೇನೋ ಎಂಬ ದಿಗಿಲು ಜಾಸ್ತಿ. ಮಾತ್ರೆ ನುಂಗಿ ಅರ್ಧ ಗಂಟೆಗೆ, ನುಂಗಿದೆನೋ ಇಲ್ಲವೋ ಎಂದು ಮಾತ್ರೆಯ ಖಾಲಿ ಸ್ಟ್ರಿಪ್ ಹುಡುಕಿಕೊಂಡು ಕಸದ ಬುಟ್ಟಿ ತಡಕಿದ್ದೂ ಇದೆ. ಅದಕ್ಕೇ ಬಣ್ಣದ ಪಟ್ಟಿಗಳನ್ನು ಕತ್ತರಿಸಿದೆ. ಮಾತ್ರೆ ನುಂಗಿ ದಿನ ಸಲೀಸಾಗಿ ಕಳೆದರೆ ಲಕೋಟೆಯ ಬಾಯಿಗೆ ಒಂದು ಕೆಂಪು ಪಟ್ಟಿ. ನುಂಗಿಯೂ ದಿನ ಕೆಟ್ಟರೆ ಕಂದು. ಎರಡೂ ನಮ್ಮ ಅಂಗಡಿಯ ಕಾಗದವೇ, ಒಂದೇ ಡಬ್ಬಿಯಲ್ಲಿ.

ಜತೆಗೆ ಧೈರ್ಯಕ್ಕೆಂದು ಒಂದೊಂದು ಮಾತನ್ನೂ ಬರೆದಿಟ್ಟಿದ್ದೆ. ಪತ್ರಿಕೆಯ ಮೇಲೆ ಬರೆಯುವಂಥ ಚಂದದ ಅಕ್ಷರದಲ್ಲಿ, ಸುತ್ತ ಬಳ್ಳಿ ಬಿಡಿಸಿ. "ನಿನ್ನಿಂದ ಆಗುತ್ತದೆ." "ಇಂದು ನಿನ್ನ ದಿನ." ಎರಡನೆಯ ವಾರ ಒಂದು ಬೆಳಿಗ್ಗೆ ವಾಂತಿ ಮಾಡಿ ಬಂದು, ಬಾಯಿ ಒರೆಸಿಕೊಂಡು ಲಕೋಟೆ ತೆರೆದರೆ "ನಗು, ಜಗತ್ತು ನಗುತ್ತದೆ" ಎಂದಿತ್ತು. ನನ್ನದೇ ಕೈಬರಹ. ಮಡಚಿ ಲಕೋಟೆಯೊಳಗೇ ತುರುಕಿದೆ.

ಆ ವಾರ ಮಾತ್ರೆ ತರಲು ಹೋದಾಗ ಆಲ್ಬಮ್ ಕೈಯಲ್ಲಿತ್ತು. ಶಶಿಕಲಾ ಒಂದೊಂದೇ ಹಾಳೆ ತಿರುವಿ ನೋಡಿ, "ಎಷ್ಟು ಚೆನ್ನಾಗಿ ಮಾಡಿದೀರ ಮೇಡಂ" ಎಂದಳು. ಆಮೇಲೆ ಸ್ವಲ್ಪ ಅನುಮಾನಿಸಿ, "ಒಂದ್ ಮಾತು ಹೇಳ್ಲಾ? ಇದ್ರಲ್ಲಿ ನೀವು ನಿಮ್ಗೇ ಬುದ್ಧಿ ಹೇಳ್ಕೊಂಡಿದೀರ. ನಮ್ ಪೇಷಂಟ್ಸ್‌ಗೆ ನಾನು ಹಂಗೆ ಹೇಳಿದ್ರೆ ಬೈತಾರೆ. ಅದ್ರ ಬದ್ಲು ಇವತ್ತು ಏನಾಯ್ತು ಅಂತ ಬರ್ದಿಡಿ. ಚಿಕ್ಕದಾದ್ರೂ ಸರಿ."

ಮನೆಗೆ ಬಂದು ಬಳ್ಳಿ ಬಿಡಿಸಿದ ಚೀಟಿಗಳನ್ನೆಲ್ಲ ತೆಗೆದುಹಾಕಿದೆ. ಅಂದಿನಿಂದ ಪ್ರತಿ ಸಂಜೆ ಆ ದಿನ ನಡೆದ ಒಂದೇ ಒಂದು ಸಂಗತಿ ಬರೆದು ಅಂದಿನ ಲಕೋಟೆಯಲ್ಲಿ ಹಾಕತೊಡಗಿದೆ. "ಎರಡು ಇಡ್ಲಿ ತಿಂದೆ, ಉಳಿಯಿತು." "ಗಾಂಧಿ ಬಜಾರಿನವರೆಗೆ ನಡೆದೆ, ಒಮ್ಮೆ ಮಾತ್ರ ಕೂತೆ." "ಪ್ರೂಫಿನಲ್ಲಿ ಮದುಮಗನ ಅಜ್ಜನ ಹೆಸರು ತಪ್ಪಿದ್ದನ್ನು ಹಿಡಿದೆ." ಬೆಳಿಗ್ಗೆ ಮಾತ್ರೆ ಕೈಯಲ್ಲಿ ಹಿಡಿದು, ಹಿಂದಿನ ವಾರದ ಅದೇ ದಿನದ ಚೀಟಿಯನ್ನು ತೆರೆದು ಓದುತ್ತಿದ್ದೆ. ಹೋದ ಮಂಗಳವಾರ ಇಡ್ಲಿ ಉಳಿದಿತ್ತು ಎಂದರೆ ಈ ಮಂಗಳವಾರವೂ ಉಳಿಯಬಹುದು. ಅಷ್ಟು ನಂಬುವುದಕ್ಕೆ ನನಗೆ ಕಷ್ಟವಾಗಲಿಲ್ಲ. ವಾಂತಿ ಕಡಿಮೆಯಾಯಿತು. ತೂಕ ಎರಡು ಕಿಲೋ ಏರಿತು. ಹಾಳೆಗಳಲ್ಲಿ ಕಂದು ಕಮ್ಮಿಯಾಗಿ ಕೆಂಪು ತುಂಬತೊಡಗಿತು.

ನಾಲ್ಕನೆಯ ತಿಂಗಳು ಅಂಗಡಿಯಲ್ಲಿ ಒಂದು ಪತ್ರಿಕೆಯ ಅಚ್ಚು ಬಂತು. ಬಸವನಗುಡಿಯ ಮನೆಯೊಂದರದ್ದು, ಕುಂಕುಮದ ಕೆಂಪೇ ಬೇಕೆಂದು ಹೇಳಿ ಹೋಗಿದ್ದರು. ನೋಡಿ, ಸರಿಯಿದೆ ಎಂದು ರುಜು ಹಾಕಿದೆ. ನಮ್ಮ ಯಜಮಾನರು ಅದನ್ನು ಎತ್ತಿ ನೋಡಿ, "ಶೈಲಜಾ ಅವ್ರೇ, ಇದು ಮೆರೂನ್ ಅಲ್ವಾ?" ಎಂದರು. ಟ್ಯೂಬ್‌ಲೈಟ್ ಹಳೆಯದಾಗಿದೆ, ಸರಿಯಾಗಿ ಕಾಣಲಿಲ್ಲ ಎಂದೆ. ಹಾಗೆಂದು ನಾನೂ ನಂಬಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಎಂದು ಮನಸ್ಸಿಗೆ ಚುಚ್ಚಿತು, ಅಷ್ಟೇ.

ಅದಾದ ಭಾನುವಾರ ಮುರಳಿ ಆಲ್ಬಮ್ ತಿರುವುತ್ತಿದ್ದವರು, "ಶೈಲಾ, ಈ ವಾರ ಪೂರ್ತಿ ಚೆನ್ನಾಗಿರ್ಲಿಲ್ವಾ? ನಂಗೆ ಹೇಳ್ಲೇ ಇಲ್ಲ" ಎಂದರು.

"ಚೆನ್ನಾಗೇ ಇತ್ತಲ್ಲ. ಯಾಕೆ?"

"ಮತ್ತೆ ಎಲ್ಲಾ ಕಂದು ಹಾಕಿದೀಯ."

ಹತ್ತಿರ ಹೋಗಿ ನೋಡಿದೆ. ನನಗೆ ಏಳೂ ಕೆಂಪಾಗಿಯೇ ಕಂಡವು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಅವರ ಮುಖ ನೋಡಿದೆ. ಅವರು ಡಬ್ಬಿಯಿಂದ ಎರಡು ಪಟ್ಟಿ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದರು. "ಯಾವ್ದು ಕೆಂಪು?" ಎರಡೂ ಒಂದೇ ಥರ, ಸ್ವಲ್ಪ ಹಳೆಯ ಇಟ್ಟಿಗೆಯ ಹಾಗೆ. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಕನ್ನಡಿಯ ಮುಂದೆ ಹೋಗಿ ನಿಂತೆ. ನನ್ನ ಹಣೆಯ ಕುಂಕುಮ ಒಣಗಿದ ಮಣ್ಣಿನ ಬಣ್ಣದಲ್ಲಿತ್ತು. ಆಗ ಶಶಿಕಲಾ ಬೆರಳು ಮಡಚುತ್ತ ಹೇಳಿದ್ದು ನೆನಪಾಯಿತು. ಬಣ್ಣ ವ್ಯತ್ಯಾಸ ಆದ್ರೆ ಅವತ್ತೇ ಬನ್ನಿ ಎಂದಿದ್ದಳು. ಎಷ್ಟು ದಿನ ಕಳೆದುಹೋಗಿತ್ತೋ.

ಮುರಳಿ ಶಶಿಕಲಾಗೆ ಫೋನ್ ಮಾಡಿದರು. ಅವಳು ಕೇಂದ್ರದ ಡಾಕ್ಟರನ್ನು ಕೇಳಿ, ಹತ್ತೇ ನಿಮಿಷದಲ್ಲಿ ತಿರುಗಿ ಫೋನ್ ಮಾಡಿದಳು. "ನಾಳೆ ಮಾತ್ರೆ ತಗೋಬೇಡಿ. ಬೆಳಿಗ್ಗೆನೇ ಕಣ್ಣಿನ ಆಸ್ಪತ್ರೆಗೆ ಹೋಗಿ. ನಾನೂ ಬರ್ತೀನಿ."

ಒಂದು ದಿನವೂ ತಪ್ಪಬಾರದ ಮಾತ್ರೆ. ತಗೊಂಡರೆ ಕಣ್ಣಿಗೆ, ಬಿಟ್ಟರೆ ಕುತ್ತಿಗೆಗೆ. ಸೋಮವಾರದ ಲಕೋಟೆಗೆ ಯಾವ ಪಟ್ಟಿಯನ್ನೂ ಹಾಕಲಿಲ್ಲ. ಹಾಕಿದ್ದರೂ ಯಾವುದೆಂದು ಇನ್ನೊಬ್ಬರನ್ನು ಕೇಳಬೇಕಿತ್ತು.

ಕಣ್ಣಿಗೆ ಔಷಧಿಯ ಹನಿ ಹಾಕುವ ಮೊದಲು ಒಂದು ಪುಸ್ತಕ ತೋರಿಸಿದರು. ಹಾಳೆಯ ತುಂಬ ಬಣ್ಣದ ಚುಕ್ಕೆಗಳು, ಚುಕ್ಕೆಗಳ ನಡುವೆ ಒಂದು ಅಂಕಿ. ಮೊದಲನೆಯದು ಓದಿದೆ. ಎರಡನೆಯದರಲ್ಲಿ ಅಂಕಿಯೇ ಇರಲಿಲ್ಲ. ಮೂರನೆಯದರಲ್ಲೂ ಇರಲಿಲ್ಲ. "ಇಲ್ಲ", "ಕಾಣ್ತಿಲ್ಲ", "ಇಲ್ಲ" ಎನ್ನುತ್ತ ಹೋದೆ. ಪಕ್ಕದಲ್ಲಿ ನಿಂತಿದ್ದ ಮುರಳಿಗೆ ಅವೆಲ್ಲ ಕಾಣುತ್ತಿವೆ ಎಂದು ಅವರು ಉಸಿರು ಬಿಗಿಹಿಡಿದದ್ದರಲ್ಲೇ ತಿಳಿಯುತ್ತಿತ್ತು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. "ಯಾವಾಗಿಂದ ಹೀಗಾಗಿದೆ?" ಎಂದರು.

"ಗೊತ್ತಿಲ್ಲ ಡಾಕ್ಟ್ರೇ."

"ಅದು ಮುಖ್ಯ. ಅಂದಾಜಾದ್ರೂ ಹೇಳಿ."

ಶಶಿಕಲಾ ನನ್ನ ಚೀಲದಿಂದ ಆಲ್ಬಮ್ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಏನಿದು ಎನ್ನುವ ಹಾಗೆ ನೋಡಿದರು. ಮುರಳಿ ಹಾಳೆ ಹಿಂದಕ್ಕೆ ತಿರುವುತ್ತ ಹೋದರು. ಚೀಟಿಯಲ್ಲಿ "ಇವತ್ತು ಚೆನ್ನಾಗಿತ್ತು, ಬಿಸಿಬೇಳೆಭಾತ್ ರುಚಿಸಿತು" ಎಂದಿದ್ದೂ ಪಟ್ಟಿ ಕಂದಾಗಿದ್ದ ದಿನಗಳನ್ನು ಒಂದೊಂದಾಗಿ ತೋರಿಸಿದರು. ಈ ವಾರ ಏಳು. ಹಿಂದಿನ ವಾರ ಮೂರು. ಅದರ ಹಿಂದಿನ ವಾರ ಒಂದು. ಅದಕ್ಕೂ ಮೊದಲು ಚೀಟಿಗೂ ಪಟ್ಟಿಗೂ ಎಲ್ಲೂ ತಾಳೆ ತಪ್ಪಿರಲಿಲ್ಲ.

"ಮೂರು ವಾರದೊಳಗೆ" ಎಂದು ಡಾಕ್ಟರು ಬರೆದುಕೊಂಡರು. ನಿಮ್ಮ ಔಷಧಿಗಳಲ್ಲಿ ಒಂದು ಕೆಲವರಿಗೆ ಹೀಗೆ ಮಾಡುತ್ತದೆ, ಅದನ್ನು ಇವತ್ತಿಂದ ನಿಲ್ಲಿಸಬೇಕು, ಉಳಿದವು ಮುಂದುವರಿಯುತ್ತವೆ ಎಂದರು.

"ಬಣ್ಣ ವಾಪಸ್ ಬರತ್ತಾ?" ಎಂದೆ.

"ಬೇಗ ಬಂದಿದೀರ. ಬರೋ ಸಾಧ್ಯತೆ ಜಾಸ್ತಿ. ಖಾತ್ರಿ ಕೊಡಕ್ಕಾಗಲ್ಲ. ಎರಡು ಮೂರು ತಿಂಗಳು ನೋಡೋಣ."

ಇಡೀ ಕಾಯಿಲೆಯಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ಆ ದಿನಗಳಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಕಣ್ಣು ತೆರೆಯಲು ಹಿಂಜರಿಯುತ್ತಿದ್ದೆ. ತೆರೆದರೆ ಮೊದಲು ಕಾಣುವುದು ಗೋಡೆಯ ಕ್ಯಾಲೆಂಡರಿನ ಭಾನುವಾರಗಳು. ಅವು ಇಂದಾದರೂ ಕೆಂಪಾಗಿವೆಯೇ? ಅಂಗಡಿಯಲ್ಲಿ ಇನ್ನು ಥೈರಾಯ್ಡ್ ಎನ್ನುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ಯಜಮಾನರ ಎದುರು ನಿಂತು ಎಲ್ಲವನ್ನೂ ಹೇಳಿದೆ. ಟಿಬಿ ಎಂದೆ, ಕಣ್ಣು ಎಂದೆ, ಕೆಲಸ ಬಿಡಬೇಕಾಗಬಹುದು ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಕ್ಷರ ಕಾಣತ್ತಲ್ವಾ?"

"ಕಾಣತ್ತೆ."

"ಹಾಗಾದ್ರೆ ಒಕ್ಕಣೆ ನೀವು ನೋಡಿ, ಬಣ್ಣ ನಾನು ನೋಡ್ಕೋತೀನಿ. ಮುಗೀತಲ್ಲ." ಎಂದು ಇನ್ನೊಂದು ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೇ ಎಳೆದುಕೊಂಡರು.

ಮನೆಯಲ್ಲಿ ಪಟ್ಟಿ ಹಾಕುವ ಕೆಲಸ ನಿಂತುಹೋಗಿತ್ತು. ನಾಲ್ಕನೆಯ ದಿನವೋ ಐದನೆಯ ದಿನವೋ, ನಾನು ಮಾತ್ರೆ ನುಂಗಿ ಕೂತಿದ್ದಾಗ ಅತ್ತೆ ಡಬ್ಬಿ ತೆಗೆದುಕೊಂಡು ಬಂದು ಎದುರಿಗೆ ಕೂತರು. ಕನ್ನಡಕದೊಳಗಿಂದ ಆರಿಸಿ ಒಂದು ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟು, "ಇದು ಕೆಂಪು" ಎಂದರು. ಅವರ ಬೆರಳು ನನ್ನ ಕೈಗೆ ತಾಕಿದ್ದು ಆ ನಾಲ್ಕು ತಿಂಗಳಲ್ಲಿ ಅದೇ ಮೊದಲು.

ಡಬ್ಬಿಯ ಮುಚ್ಚಳ ಹಾಕುತ್ತ ಅವರು ಹೇಳಿದರು: "ನಮ್ಮಕ್ಕ ಸರಸ್ವತೀಗೆ ಇದೇ ಆಗಿತ್ತು. ಹಿತ್ಲ ಕೋಣೇಲಿ ಇಟ್ಟಿದ್ರು. ನಂಗೆ ಆಗ ಒಂಬತ್ತೋ ಹತ್ತೋ. ಕಿಟಕೀಲಿ ನಿಂತು ಕರೀತಿದ್ಲು, ಬಾರೇ ಸ್ವಲ್ಪ ಹೊತ್ತು ಚೌಕಾಬಾರ ಆಡೋಣ ಅಂತ. ದೊಡ್ಡೋರು ಬಿಡಲ್ಲ ಅಂತಿದ್ದೆ. ಒಂದಿನ ಮನೇಲಿ ಯಾರೂ ಇರ್ಲಿಲ್ಲ. ಅವತ್ತೂ ಕರೆದ್ಲು. ಅವತ್ತೂ ನಾನು ಹೋಗ್ಲಿಲ್ಲ. ಭಯ." ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸಿದರು. "ಆಮೇಲೆ ಅವ್ಳು ಕರೀಲಿಲ್ಲ."

ಅಂಗೈಯಲ್ಲಿದ್ದ ಪಟ್ಟಿಯನ್ನು ಅಂದಿನ ಲಕೋಟೆಯ ಬಾಯಿಗೆ ಅಂಟಿಸಿದೆ. ಅತ್ತೆಯ ಮೇಲೆ ನಾಲ್ಕು ತಿಂಗಳಿಂದ ಇಟ್ಟುಕೊಂಡಿದ್ದ ಸಿಟ್ಟು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮರುದಿನವೂ ಅವರು ಡಬ್ಬಿ ತಂದರು, ಅದರ ಮರುದಿನವೂ. ಯಾವತ್ತಿನಿಂದ ಎಂದು ಹೇಳಲಾರೆ, ನನ್ನ ಲೋಟ ಕಿಟಕಿಯ ಕಟ್ಟೆಯಿಂದ ಇಳಿದು ಉಳಿದ ಲೋಟಗಳ ಸಾಲಿಗೆ ಬಂದಿತ್ತು.

ಆ ಒಂದು ಔಷಧಿ ನಿಲ್ಲಿಸಿದ ಏಳನೆಯ ವಾರ ಗಾಂಧಿ ಬಜಾರಿನಲ್ಲಿ ಹೂ ಕೊಳ್ಳಲು ನಿಂತಿದ್ದೆ. ಒಂದು ಮೊರದಲ್ಲಿ ಕನಕಾಂಬರ, ಪಕ್ಕದ ಮೊರದಲ್ಲಿ ಗುಲಾಬಿ. ಎರಡೂ ಬೇರೆ ಬೇರೆಯಾಗಿ ಕಂಡವು. ಹೂವಿನವಳು "ಎಷ್ಟು ಮೊಳ ಅಮ್ಮ?" ಎಂದು ಎರಡು ಸಲ ಕೇಳಿದಳು. ನಾನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ, ಆಮೇಲೆ ಇನ್ನೊಂದನ್ನು. ಬಲಗಣ್ಣಿನಲ್ಲಿ ಗುಲಾಬಿ ಕೆಂಪಾಗಿತ್ತು. ಎಡಗಣ್ಣಿನಲ್ಲಿ ಇನ್ನೂ ಧೂಳು ಕೂತ ಹಾಗಿತ್ತು. ಎಡಗಣ್ಣು ಈಗಲೂ ಪೂರ್ತಿ ತಿಳಿಯಾಗಿಲ್ಲ. ಅಂಗಡಿಯಲ್ಲಿ ಬಣ್ಣ ನೋಡುವ ಕೆಲಸ ಮತ್ತೆ ನನ್ನದೇ, ಆದರೂ ಪ್ರತಿಯೊಂದನ್ನೂ ಯಜಮಾನರಿಗೆ ಒಮ್ಮೆ ತೋರಿಸಿಯೇ ರುಜು ಹಾಕುತ್ತೇನೆ. ಒಂದು ಔಷಧಿ ಬಿಟ್ಟದ್ದರಿಂದ ಉಳಿದ ಮಾತ್ರೆಗಳನ್ನು ಇನ್ನೂ ಕೆಲವು ತಿಂಗಳು ಹೆಚ್ಚಿಗೆ ನುಂಗಿದೆ. ಕೊನೆಯ ಮಾತ್ರೆ ನುಂಗಿದ ದಿನ ಸಂಭ್ರಮವೇನೂ ಆಗಲಿಲ್ಲ. ಇನ್ನು ನನ್ನನ್ನು ಕಾಯಲು ಏನೂ ಇಲ್ಲವಲ್ಲ ಎಂದು ಪುಕಪುಕ ಎನ್ನಿಸಿತು.

ಚಿಕಿತ್ಸೆ ಮುಗಿದ ಕಾಗದ ತರಲು ಆರೋಗ್ಯ ಕೇಂದ್ರಕ್ಕೆ ಹೋದಾಗ ಬೆಂಚಿನ ಮೇಲೆ ಮಾಸ್ಕ್ ಹಾಕಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಹೆಸರು ರತ್ನ, ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ. ಮೂರು ವಾರ ಮಾತ್ರೆ ನುಂಗಿ ನಿಲ್ಲಿಸಿಬಿಟ್ಟಿದ್ದಾಳೆ, ಸ್ವಲ್ಪ ಮಾತಾಡಿ ಎಂದಳು ಶಶಿಕಲಾ. ನಾನು ಪಕ್ಕದಲ್ಲಿ ಕೂತೆ. ಅವಳು ಕೆಮ್ಮಿದಳು. ನನಗೆ ಗೊತ್ತಿಲ್ಲದೆಯೇ ನಾನು ಹಿಂದಕ್ಕೆ ಸರಿದಿದ್ದೆ.

"ಸರ್ಕೊಳಿ ಮೇಡಂ, ಪರ್ವಾಗಿಲ್ಲ. ಎಲ್ರೂ ಸರ್ಕೋತಾರೆ" ಎಂದಳು.

ಮುಖ ಎತ್ತಲು ನಾಚಿಕೆಯಾಯಿತು. "ನಂಗೂ ಇದೇ ಆಗಿತ್ತು" ಎಂದೆ. ಸುತ್ತ ಹತ್ತು ಜನ ಕೂತಿದ್ದರು, ಎಲ್ಲರಿಗೂ ಕೇಳಿಸುವ ಹಾಗೆ. ಅವಳು ನಂಬಲಿಲ್ಲ. ಕುತ್ತಿಗೆಯ ಗಾಯದ ಗುರುತು ತೋರಿಸಿದೆ. ಆಲ್ಬಮ್ ತೋರಿಸಿದೆ. ಅವಳು ಎರಡು ಹಾಳೆ ತಿರುವಿ ಮುಚ್ಚಿದಳು. "ನಂಗೆ ಓದಕ್ಕೆ ಬರಲ್ಲ ಮೇಡಂ. ಈ ಲಕೋಟೆ ಎಲ್ಲ ಇಟ್ಕೊಳಕ್ಕೆ ಜಾಗಾನೂ ಇಲ್ಲ. ಒಂದೇ ರೂಮು."

ಅವಳು ಹೇಳಿದ್ದು ಸರಿ. ಮನೆಗೆ ಬಂದು ಬಹಳ ಯೋಚಿಸಿದೆ. ಕೊನೆಗೆ ಪತ್ರಿಕೆ ಕತ್ತರಿಸಿ ಉಳಿಯುವ ಉದ್ದನೆಯ ಹಸಿರು ಕಾಗದವನ್ನು ಒಂದಕ್ಕೊಂದು ಅಂಟಿಸಿ ಅದರ ಮೇಲೆ ಪೆನ್ಸಿಲಿನಿಂದ ಮೂವತ್ತು ಗೆರೆ ಎಳೆದೆ. ಬರೆಯುವುದು ಬೇಡ, ಓದುವುದು ಬೇಡ. ಮಾತ್ರೆ ನುಂಗಿದ ದಿನ ಒಂದು ಗೆರೆ ಮಡಚುವುದು, ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ. ನುಂಗದ ದಿನ ಹಾಗೇ ಬಿಡುವುದು. ಸುರುಳಿ ಸುತ್ತಿ ಶಶಿಕಲಾ ಕೈಯಲ್ಲಿ ಕೊಟ್ಟೆ. ರತ್ನ ತಗೊಳ್ಳುತ್ತಾಳೋ ಇಲ್ಲವೋ, ತಗೊಂಡರೂ ಸೊಪ್ಪು ಕಟ್ಟಲು ಬಳಸುತ್ತಾಳೋ ಎಂದು ಆ ತಿಂಗಳೆಲ್ಲ ಕಾತರ. ನನ್ನ ಮಾತ್ರೆಗಳಿಗೂ ನಾನು ಅಷ್ಟು ಕಾತರ ಪಟ್ಟಿದ್ದು ಕಡಿಮೆ.

ತಿಂಗಳು ತುಂಬಿದ ಮೇಲೆ ಹೋದೆ. ಏಪ್ರಿಲ್ಲಿನ ಬಿಸಿಲು, ಕರೆಂಟ್ ಇರಲಿಲ್ಲ, ಕೇಂದ್ರದ ಫ್ಯಾನುಗಳೆಲ್ಲ ನಿಂತಿದ್ದವು. ಬೆಂಚಿನ ತುದಿಯಲ್ಲಿ ರತ್ನ ಕೂತಿದ್ದಳು. ಮಡಚಿದ ಕಾಗದದ ಬುಡವನ್ನು ಬಾಳೆನಾರಿನಿಂದ ಬಿಗಿದು ಕಟ್ಟಿ, ಬೀಸಣಿಗೆ ಮಾಡಿಕೊಂಡು, ಗಾಳಿ ಹಾಕಿಕೊಳ್ಳುತ್ತಿದ್ದಳು. ಅದು ಬೀಸಣಿಗೆಯಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ನನ್ನನ್ನು ನೋಡಿ ಬಿಚ್ಚಿ ತೋರಿಸಿದಳು. ನಡುವೆ ಒಂದು ಕಡೆ ಮಡಿಕೆ ಅಗಲವಾಗಿತ್ತು. "ಇಲ್ಲೊಂದಿನ ತಪ್ತು. ಊರ್ಗೆ ಹೋಗಿದ್ದೆ. ಮಿಕ್ಕಿದ್ದೆಲ್ಲಾ ನುಂಗಿದೀನಿ."

ನಾನು ಪಕ್ಕದಲ್ಲಿ ಕೂತೆ. ಬಿಸಿಲಲ್ಲಿ ನಡೆದು ಬಂದು ಬೆವರುತ್ತಿದ್ದೆ. ಅವಳು ಬೀಸಣಿಗೆಯನ್ನು ನನ್ನ ಕಡೆಗೆ ತಿರುಗಿಸಿ ಮೆಲ್ಲಗೆ ಬೀಸತೊಡಗಿದಳು. ಟೋಕನ್ ಕೂಗಿದಾಗ ಎದ್ದು ನಿಂತು, "ಮುಂದಿನ ತಿಂಗಳದ್ದು ತಂದಿದೀರಾ?" ಎಂದು ಕೇಳಿದಳು.